ಇಂಗ್ಲೀಷು ಶಬ್ದಪರಿಚಯ: ‘ದೇರ್‌ಫೋರ್’ ಮತ್ತು ಅದರ ಬಳಗ



ಇಂಗ್ಲೀಷು ಭಾಷೆಯಲ್ಲಿ ಕೆಲವು ಶಬ್ದಗಳು ನೋಡುವುದಕ್ಕೆ ಬಹು ಸಣ್ಣವು. ಆದರೆ ಅವು ಹೊರುವ ಭಾರವು ದೊಡ್ಡದು. ಕುದುರೆ, ಮರ, ಮನೆ ಮುಂತಾದ ವಸ್ತುಗಳ ಹೆಸರುಗಳನ್ನು ನಿಘಂಟಿನ ಸಹಾಯದಿಂದ ಯಾರಾದರೂ ತಿಳಿದುಕೊಳ್ಳಬಹುದು. ‘ದೇರ್‌ಫೋರ್’, ‘ಹೆನ್ಸ್’, ‘ದಸ್’, ‘ಸೋ’, ‘ಕಾನ್ಸಿಕ್ವೆಂಟ್ಲಿ’, ‘ಅಕಾರ್ಡಿಂಗ್ಲಿ’ ಎಂಬಿವುಗಳನ್ನು ಅದೇ ನಿಘಂಟಿನಲ್ಲಿ ಹುಡುಕಿದರೆ ಬಹುಮಟ್ಟಿಗೆ ಎಲ್ಲಕ್ಕೂ ‘ಆದುದರಿಂದ’ ಎಂಬ ಒಂದೇ ಉತ್ತರವು ದೊರೆಯುವುದು. ವಿದ್ಯಾರ್ಥಿಯು ಅಷ್ಟಕ್ಕೇ ತೃಪ್ತನಾಗಿ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡುತ್ತ ಹೋಗುವನು. ಗೃಹಸ್ಥನು ಕಾಗದವನ್ನು ಓದುವಾಗ ಅವುಗಳ ಮೇಲೆ ಕಣ್ಣನ್ನು ನಿಲ್ಲಿಸದೆ ಮುಂದಕ್ಕೆ ಸಾಗುವನು. ಎರಡರಿಂದಲೂ ನಷ್ಟವುಂಟು.

ಈ ಶಬ್ದಗಳು ಯಾವ ವಸ್ತುವನ್ನೂ ಹೇಳುವುದಿಲ್ಲ. ಹಿಂದೆ ಆಡಿದ ಮಾತಿಗೂ ಮುಂದೆ ಆಡುವ ಮಾತಿಗೂ ಇರುವ ಸಂಬಂಧವನ್ನು ಹೇಳುತ್ತವೆ. ನ್ಯಾಯಾಲಯದ ತೀರ್ಪು, ಬ್ಯಾಂಕಿನ ಕಾಗದ, ವಿಮಾ ಕಂಪನಿಯ ಉತ್ತರ, ಔಷಧದ ಜಾಹೀರಾತು ಇವೆಲ್ಲವುಗಳಲ್ಲಿ ನಮ್ಮ ಹಣಕ್ಕೋ ಆರೋಗ್ಯಕ್ಕೋ ಸಂಬಂಧಿಸಿದ ನಿರ್ಣಯವು ಇಂತಹ ಒಂದು ಶಬ್ದವನ್ನು ಮುಂದಿಟ್ಟುಕೊಂಡೇ ಬರುವುದು. ಈ ಶಬ್ದಗಳ ಅರ್ಥವನ್ನೂ, ಬಳಸುವ ಕ್ರಮವನ್ನೂ, ಅವುಗಳನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದನ್ನೂ ಈ ಸಂಚಿಕೆಯಲ್ಲಿ ವಿಚಾರಮಾಡೋಣ.

ಮೊದಲು ಶಬ್ದಗಳ ಹುಟ್ಟನ್ನು ನೋಡುವುದು ಲೇಸು. ‘ದೇರ್‌ಫೋರ್’ ಎಂಬುದು ಎರಡು ಪದಗಳು ಕೂಡಿ ಆದದ್ದು; ‘ಅದರ ನಿಮಿತ್ತವಾಗಿ’ ಎಂಬುದೇ ಅದರ ಮೂಲಾರ್ಥ. ‘ಹೆನ್ಸ್’ ಎಂದರೆ ‘ಇಲ್ಲಿಂದ’. ‘ದಸ್’ ಎಂದರೆ ‘ಈ ರೀತಿಯಾಗಿ’. ‘ಕಾನ್ಸಿಕ್ವೆಂಟ್ಲಿ’ ಎಂಬುದು ಲ್ಯಾಟಿನ್ ಭಾಷೆಯಿಂದ ಬಂದದ್ದು. ಒಂದನ್ನು ಇನ್ನೊಂದು ಹಿಂಬಾಲಿಸುವುದು ಎಂಬ ಭಾವವು ಅದರಲ್ಲಿ ಅಡಗಿದೆ. ‘ಅಕಾರ್ಡಿಂಗ್ಲಿ’ ಎಂಬುದರ ಒಡಲಿನಲ್ಲಿ ಹೃದಯವೆಂಬರ್ಥದ ಲ್ಯಾಟಿನ್ ಪದವಿದೆ. ಹೃದಯಕ್ಕೆ ಹೃದಯವು ಹೊಂದುವಂತೆ, ಒಂದಕ್ಕೆ ತಕ್ಕಂತೆ ಇನ್ನೊಂದನ್ನು ಮಾಡುವುದು ಎಂದು ತಾತ್ಪರ್ಯ. ನಮ್ಮ ‘ಆದುದರಿಂದ’ ಎಂಬುದೂ ಇಂತಹದೇ: ಆದದ್ದು ಯಾವುದೋ ಅದರಿಂದ. ‘ಹೀಗಾಗಿ’ ಎಂಬುದು ಇಂಗ್ಲೀಷಿನ ‘ದಸ್’ ಶಬ್ದಕ್ಕೆ ಸಮೀಪದ ಬಂಧು. ಈ ಶಬ್ದಗಳಲ್ಲಿ ಹೆಚ್ಚಿನವು ಹಿಂದಕ್ಕೆ ಕೈತೋರಿಸುತ್ತವೆ ಎಂಬುದನ್ನು ಗಮನಿಸಿರಿ. ಅದರ ನಿಮಿತ್ತ ಎಂದರೆ ಯಾವುದರ ನಿಮಿತ್ತ? ಇಲ್ಲಿಂದ ಎಂದರೆ ಎಲ್ಲಿಂದ? ಆದುದರಿಂದ ಎಂದರೆ ಏನು ಆದುದರಿಂದ? ಇದನ್ನು ಕೇಳದೆ ಮುಂದಕ್ಕೆ ಹೋಗುವವನು ಹುಂಡಿಯನ್ನು ನೋಡಿದೊಡನೆಯೇ ಹಣವು ಕೈಸೇರಿತೆಂದು ತಿಳಿಯುವ ವ್ಯಾಪಾರಿಯಂತಾಗುವನು. ಹುಂಡಿಯು ಹಣವಲ್ಲ, ಹಣವು ಇಂತಹ ಅಂಗಡಿಯಲ್ಲಿದೆ ಎಂಬ ಮಾತು ಅಷ್ಟೆ. ‘ದೇರ್‌ಫೋರ್’ ಎಂಬುದು ಕಾರಣವಲ್ಲ. ಕಾರಣವನ್ನು ಹಿಂದೆಯೇ ಸಲ್ಲಿಸಿದ್ದೇನೆ ಎಂಬ ಮಾತು ಅಷ್ಟೆ.

ನಮ್ಮ ನ್ಯಾಯಶಾಸ್ತ್ರಜ್ಞರು ಈ ವಿಷಯದಲ್ಲಿ ಬಹಳ ಎಚ್ಚರಿಕೆಯುಳ್ಳವರಾಗಿದ್ದರು. ಪರರಿಗೆ ಒಂದು ವಿಷಯವನ್ನು ಅನುಮಾನದಿಂದ ಸಾಧಿಸಿ ತೋರಿಸಬೇಕಾದರೆ ಪ್ರತಿಜ್ಞೆ, ಹೇತು, ಉದಾಹರಣ, ಉಪನಯ, ನಿಗಮನ ಎಂಬ ಐದು ಅವಯವಗಳನ್ನು ಹೇಳತಕ್ಕದ್ದೆಂದು ಅವರು ವಿಧಿಸಿದರು. ಬೆಟ್ಟದ ಮೇಲೆ ಬೆಂಕಿಯಿದೆ ಎಂಬುದು ಪ್ರತಿಜ್ಞೆ. ಹೊಗೆಯು ಕಾಣುತ್ತಿರುವುದು ಹೇತು. ಎಲ್ಲೆಲ್ಲಿ ಹೊಗೆಯುಂಟೋ ಅಲ್ಲಲ್ಲಿ ಬೆಂಕಿಯುಂಟು, ಅಡುಗೆಯ ಮನೆಯಲ್ಲಿರುವಂತೆ, ಎಂಬುದು ಉದಾಹರಣ. ಈ ಬೆಟ್ಟದಲ್ಲಿಯೂ ಅಂತಹ ಹೊಗೆಯೇ ಇದೆ ಎಂಬುದು ಉಪನಯ. ಆದುದರಿಂದ ಬೆಂಕಿಯಿದೆ ಎಂಬುದು ನಿಗಮನ. ಸಂಸ್ಕೃತದ ‘ತಸ್ಮಾತ್’ ಎಂಬ ಶಬ್ದವು ಐದನೆಯ ಮೆಟ್ಟಿಲಿನಲ್ಲಿ ಬರುವುದೇ ಹೊರತು ಮೊದಲನೆಯದರಲ್ಲಿ ಬರುವುದಿಲ್ಲ. ಇಂಗ್ಲೀಷಿನ ‘ದೇರ್‌ಫೋರ್’ ಶಬ್ದಕ್ಕೂ ಇದೇ ಸ್ಥಾನವು ಸಲ್ಲತಕ್ಕದ್ದು.

ಇದೇ ದೃಷ್ಟಾಂತವನ್ನು ತಿರುಗಿಸಿ ನೋಡಿರಿ. ಬೆಂಕಿಯಿದೆ, ಆದುದರಿಂದ ಹೊಗೆಯಿದೆ ಎನ್ನಬಹುದೇ? ಹಾಗೆನ್ನಲಾಗದೆಂದು ಹಿಂದಿನವರು ಕಾದ ಕಬ್ಬಿಣದ ಗುಂಡನ್ನು ತೋರಿಸಿದರು. ಅದರಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಬೆಂಕಿಯೊಂದೇ ಸಾಲದು. ಹಸಿಯ ಸೌದೆಯೂ ಬೇಕು. ಇಂದಿನ ಗೃಹಿಣಿಗೆ ಕಬ್ಬಿಣದ ಗುಂಡು ಬೇಕಾಗಿಲ್ಲ. ತನ್ನ ಅಡುಗೆಮನೆಯ ಗ್ಯಾಸಿನ ಒಲೆಯನ್ನೇ ತೋರಿಸಬಲ್ಲಳು. ಒಂದು ದಿಕ್ಕಿನಲ್ಲಿ ಸರಿಯಾಗಿ ನಡೆಯುವ ‘ಆದುದರಿಂದ’ವು ಎದುರು ದಿಕ್ಕಿನಲ್ಲಿ ನಡೆಯದೆ ಹೋಗಬಹುದೆಂಬುದು ಇದರಿಂದ ಸ್ಪಷ್ಟವಾಗುವುದು.

ಇನ್ನು ಈ ಶಬ್ದಗಳೊಳಗಿನ ಭೇದವನ್ನು ಒಂದು ಊರಿನ ಕೆರೆಯ ದೃಷ್ಟಾಂತದಿಂದ ತಿಳಿಯೋಣ.

ಮಳೆಯು ಬರಲಿಲ್ಲ, ಅದರಿಂದ ಕೆರೆಯು ಬತ್ತಿತು. ಇಲ್ಲಿ ಒಂದು ಸಂಗತಿಯು ಇನ್ನೊಂದು ಸಂಗತಿಯನ್ನು ಉಂಟುಮಾಡಿತು. ಇದಕ್ಕೆ ‘ಕಾನ್ಸಿಕ್ವೆಂಟ್ಲಿ’ ಎಂಬುದು ತಕ್ಕ ಶಬ್ದ. ಕೆರೆಯು ಬತ್ತಿದುದನ್ನು ಕಂಡು ರೈತರು ಭತ್ತವನ್ನು ಬಿಟ್ಟು ರಾಗಿಯನ್ನು ಬಿತ್ತಿದರು. ಇದು ತಾನಾಗಿ ಆದುದಲ್ಲ. ಸ್ಥಿತಿಗೆ ತಕ್ಕಂತೆ ಮನುಷ್ಯರು ಯೋಚಿಸಿ ಮಾಡಿದ ಕಾರ್ಯ. ಇಲ್ಲಿ ‘ಅಕಾರ್ಡಿಂಗ್ಲಿ’ ಎಂಬುದು ಸೊಗಸುವುದು. ಬೇರೆ ಊರಿನಿಂದ ಬಂದವನೊಬ್ಬನು ಬತ್ತಿದ ಕೆರೆಯನ್ನು ನೋಡಿ, ಈ ವರ್ಷ ಇಲ್ಲಿ ಮಳೆಯಾಗಿಲ್ಲ ಎಂದು ತೀರ್ಮಾನಿಸುವನು. ಇಲ್ಲಿ ಕೆರೆಯು ಬತ್ತಿದುದು ಮಳೆಯ ಅಭಾವಕ್ಕೆ ಕಾರಣವಲ್ಲ. ಅದನ್ನು ಊಹಿಸಲು ಗುರುತು ಮಾತ್ರ. ಹೀಗೆ ತಿಳಿದುದರಿಂದ ತಿಳಿಯದುದಕ್ಕೆ ಬುದ್ಧಿಯು ದಾಟುವಾಗ ‘ದೇರ್‌ಫೋರ್’ ಎಂಬುದೇ ಉಚಿತ. ‘ಕಾನ್ಸಿಕ್ವೆಂಟ್ಲಿ’ ಎಂಬುದು ಇಲ್ಲಿ ಹೊಂದುವುದಿಲ್ಲ. ಆದರೆ ಆ ಪರಸ್ಥಳದವನ ಊಹೆಯು ನಿಜವೇ ಆಗಬೇಕೆಂಬ ನಿಯಮವೇನೂ ಇಲ್ಲ. ಏರಿಯು ಒಡೆದಿರಬಹುದು; ತೂಬು ಸೋರಿರಬಹುದು. ಒಂದು ಕಾರ್ಯಕ್ಕೆ ಹಲವು ಕಾರಣಗಳು ಸಾಧ್ಯವಾಗಿರುವಲ್ಲಿ, ಉಳಿದವುಗಳು ಇಲ್ಲವೆಂದು ತೋರಿಸಿದ ಮೇಲೆಯೇ ‘ದೇರ್‌ಫೋರ್’ ಎನ್ನುವ ಅಧಿಕಾರವು ಬರುವುದು.

‘ಹೆನ್ಸ್’ ಎಂಬುದು ‘ದೇರ್‌ಫೋರ್’ ಮಾಡುವ ಕೆಲಸವನ್ನೇ ಮಾಡುವುದಾದರೂ ಇನ್ನಷ್ಟು ಸಂಕ್ಷೇಪವನ್ನು ಬಯಸುವುದು. ಅದರ ಮುಂದೆ ಕ್ರಿಯಾಪದವಿಲ್ಲದೆ ಬರಿಯ ನಾಮಪದವನ್ನು ಇಟ್ಟರೂ ಸಲ್ಲುವುದು. ವಿಳಂಬಕ್ಕೆ ಕಾರಣವನ್ನು ಹೇಳಿ ‘ಹೆನ್ಸ್ ದಿ ಡಿಲೇ’ ಎಂದರೆ ಸಾಕು. ‘ದೇರ್‌ಫೋರ್ ದಿ ಡಿಲೇ’ ಎಂದರೆ ವಾಕ್ಯವು ಕುಂಟುವುದು. ‘ದಸ್’ ಎಂಬುದು ವಿವರಣೆಯನ್ನು ಮುಗಿಸಿ, ಇಂತೀ ಪ್ರಕಾರವಾಗಿ ಎಂದು ಗಂಟುಹಾಕುವಾಗ ಶೋಭಿಸುವುದು. ‘ಸೋ’ ಎಂಬುದು ಆಡುಮಾತಿನ ಶಬ್ದ. ಮಿತ್ರರಿಗೆ ಬರೆಯುವ ಕಾಗದದಲ್ಲಿ ಸಲ್ಲುವುದು, ಅಧಿಕಾರಿಗಳಿಗೆ ಬರೆಯುವ ಮನವಿಯಲ್ಲಿ ಹಗುರವಾಗಿ ತೋರುವುದು. ಈಗಿನ ತರುಣರು ಇಂಗ್ಲೀಷಿನಲ್ಲಿ ಮಾತ್ರವಲ್ಲದೆ ಕನ್ನಡದಲ್ಲಿ ಮಾತನಾಡುವಾಗಲೂ ಪ್ರತಿಯೊಂದು ಮಾತಿಗೂ ‘ಸೋ’ ಎಂದು ಪೀಠಿಕೆ ಹಾಕುವುದುಂಟು. ಅಲ್ಲಿ ಹಿಂದೆ ಕಾರಣವೂ ಇಲ್ಲ, ಮುಂದೆ ನಿರ್ಣಯವೂ ಇಲ್ಲ. ಗಂಟಲನ್ನು ಸರಿಪಡಿಸಿಕೊಳ್ಳುವುದಕ್ಕೆ ಅದು ಸಮಾನ. ‘ಅರ್ಗೋ’ ಎಂಬುದು ಲ್ಯಾಟಿನ್ ತರ್ಕಗ್ರಂಥಗಳ ‘ಆದುದರಿಂದ’. ಷೇಕ್ಸ್‌ಪಿಯರ್ ಕವಿಯು ‘ಹ್ಯಾಮ್ಲೆಟ್’ ನಾಟಕದಲ್ಲಿ ಗೋರಿ ತೋಡುವವನ ಬಾಯಲ್ಲಿ ಅದನ್ನು ‘ಆರ್ಗಲ್’ ಎಂದು ಕೆಡಿಸಿ ಆಡಿಸಿ, ತರ್ಕದ ವೇಷವನ್ನು ಹಾಕಿಕೊಂಡ ಅತರ್ಕವನ್ನು ಹಾಸ್ಯಮಾಡಿದ್ದಾನೆ. ಗಣಿತದಲ್ಲಿ ಇದೇ ಅರ್ಥಕ್ಕೆ ಬಳಸುವ ಮೂರು ಚುಕ್ಕೆಗಳ ಚಿಹ್ನೆಯು ಸ್ವಿಟ್ಸರ್ಲೆಂಡಿನ ಯೋಹಾನ್ ರಾನ್ ಎಂಬವನು 1659ರಲ್ಲಿ ಪ್ರಕಟಿಸಿದ ಬೀಜಗಣಿತದ ಪುಸ್ತಕದಲ್ಲಿ ಕಾಣಬರುವುದು.

ಬರವಣಿಗೆಯಲ್ಲಿ ನಮ್ಮವರು ಸಾಮಾನ್ಯವಾಗಿ ಮಾಡುವ ಎರಡು ತಪ್ಪುಗಳನ್ನು ಇಲ್ಲಿಯೇ ಸೂಚಿಸುವೆವು. ಶಾಲೆಯ ರಜೆಯ ಅರ್ಜಿಯಲ್ಲಿ ಮಕ್ಕಳು ‘ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್, ಸೋ ಐ ಕೆನಾಟ್ ಅಟೆಂಡ್ ದಿ ಕ್ಲಾಸ್’ ಎಂದು ಬರೆಯುವರು. ಇಲ್ಲಿ ‘ಆ್ಯಸ್’ ಎಂಬುದೇ ಕಾರಣವನ್ನು ಹೇಳಿಬಿಟ್ಟಿದೆ. ಮತ್ತೆ ‘ಸೋ’ ಎಂಬುದು ಒಂದೇ ಬಾಗಿಲಿಗೆ ಎರಡು ಅಗುಳಿಗಳನ್ನು ಹಾಕಿದಂತೆ. ಎರಡರಲ್ಲಿ ಒಂದನ್ನು ಬಿಡತಕ್ಕದ್ದು. ಎರಡನೆಯದು ವಿರಾಮಚಿಹ್ನೆಯ ತಪ್ಪು. ‘ಸೋ’ ಎಂಬುದನ್ನು ಅಲ್ಪವಿರಾಮದ ಮುಂದೆ ಇಟ್ಟು ಎರಡು ವಾಕ್ಯಗಳನ್ನು ಜೋಡಿಸಬಹುದು. ‘ದೇರ್‌ಫೋರ್’, ‘ಕಾನ್ಸಿಕ್ವೆಂಟ್ಲಿ’, ‘ಅಕಾರ್ಡಿಂಗ್ಲಿ’ ಎಂಬಿವುಗಳಿಗೆ ಆ ಶಕ್ತಿಯಿಲ್ಲ, ಇವು ಕ್ರಿಯಾವಿಶೇಷಣಗಳು. ಇವುಗಳ ಹಿಂದೆ ಪೂರ್ಣವಿರಾಮವನ್ನಾಗಲಿ ಅರ್ಧವಿರಾಮವನ್ನಾಗಲಿ ಇಡಬೇಕು. ಅಥವಾ ‘ಆ್ಯಂಡ್’ ಎಂಬುದನ್ನು ಸೇರಿಸಬೇಕು.

ಓದುವಾಗ ಮೋಸಗೊಳಿಸುವ ಮೂರು ರೂಪಗಳಿವೆ. ‘ವೇರ್‌ಫೋರ್’ ಎಂಬುದನ್ನು ‘ಎಲ್ಲಿ’ ಎಂದು ತಿಳಿಯುವವರು ಬಹು ಮಂದಿ. ಅದರ ಅರ್ಥ ‘ಏಕೆ’ ಎಂದು. ‘ರೋಮಿಯೋ ಅಂಡ್ ಜೂಲಿಯಟ್’ ನಾಟಕದ ನಾಯಿಕೆಯು ಈ ಶಬ್ದದಿಂದ ತನ್ನ ಪ್ರಿಯನು ಎಲ್ಲಿರುವನೆಂದು ಕೇಳುವುದಿಲ್ಲ. ಅವನು ವೈರಿಗಳ ಮನೆತನದ ಆ ಹೆಸರನ್ನು ಏಕೆ ಹೊತ್ತನೆಂದು ಕೇಳುತ್ತಾಳೆ. ಎರಡನೆಯದು, ಕೊನೆಯ ‘ಇ’ ಅಕ್ಷರವಿಲ್ಲದ ‘ದೇರ್‌ಫೋರ್’. ಕಾನೂನಿನ ಪತ್ರಗಳಲ್ಲಿ ಇದು ಬರುವುದುಂಟು. ‘ಅದಕ್ಕಾಗಿ’, ‘ಅದಕ್ಕೆ ಪ್ರತಿಯಾಗಿ’ ಎಂದು ಅರ್ಥ. ಸಾಮಾನನ್ನೂ ಅದಕ್ಕೆ ಸಲ್ಲಬೇಕಾದ ಬೆಲೆಯನ್ನೂ ಹೇಳುವಲ್ಲಿ ಈ ರೂಪವು ಬಂದರೆ ಅದನ್ನು ‘ಆದುದರಿಂದ’ ಎಂದು ಓದಬಾರದು. ಮೂರನೆಯದು ಕಾಲವನ್ನು ಹೇಳುವ ‘ಹೆನ್ಸ್’. ‘ಟೂ ಮಂತ್ಸ್ ಹೆನ್ಸ್’ ಎಂದರೆ ಇಂದಿನಿಂದ ಎರಡು ತಿಂಗಳ ಮೇಲೆ ಎಂದರ್ಥ. ಇಲ್ಲಿ ಕಾರಣದ ಮಾತೇ ಇಲ್ಲ. ಸಾಲದ ಕಾಗದದಲ್ಲಿ ಇದನ್ನು ತಪ್ಪಾಗಿ ಓದಿದವನು ವಾಯಿದೆಯನ್ನೇ ತಪ್ಪಿಸಿಕೊಳ್ಳುವನು.

ಕಾಲವನ್ನು ಹೇಳುವ ಶಬ್ದವು ಕಾರಣದ ವೇಷವನ್ನು ಧರಿಸುವುದು ಇನ್ನೊಂದು ಅಪಾಯ. ‘ದೆನ್’ ಎಂಬುದಕ್ಕೆ ‘ಆಮೇಲೆ’ ಎಂದೂ ಅರ್ಥವುಂಟು, ‘ಹಾಗಾದರೆ’ ಎಂದೂ ಅರ್ಥವುಂಟು. ‘ಸಿನ್ಸ್’ ಎಂಬುದಕ್ಕೆ ‘ಅಂದಿನಿಂದ’ ಎಂದೂ ‘ಆದಕಾರಣ’ ಎಂದೂ ಎರಡರ್ಥಗಳು. ಮನಸ್ಸು ಒಂದರಿಂದ ಇನ್ನೊಂದಕ್ಕೆ ತಿಳಿಯದೆಯೇ ಜಾರುವುದು. ನೆಗಡಿ ಬಂದಿತು, ಜಾಹೀರಾತಿನ ಔಷಧವನ್ನು ಸೇವಿಸಿದೆವು, ಆಮೇಲೆ ನೆಗಡಿ ಹೋಯಿತು, ಆದುದರಿಂದ ಔಷಧವು ಸಿದ್ಧೌಷಧ! ಔಷಧವಿಲ್ಲದಿದ್ದರೂ ಸಾಮಾನ್ಯ ನೆಗಡಿಯು ಒಂದು ವಾರ, ಹತ್ತು ದಿನಗಳಲ್ಲಿ ತಾನಾಗಿಯೇ ಹೋಗುವುದೆಂಬುದನ್ನು ಜಾಹೀರಾತು ಹೇಳುವುದಿಲ್ಲ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂಬ ನಮ್ಮ ಗಾದೆಯು ಇಂತಹ ‘ಆದುದರಿಂದ’ಗಳನ್ನು ಅಳೆಯುವುದಕ್ಕೆ ಒಳ್ಳೆಯ ಕೊಳಗ.

ಇದಕ್ಕಿಂತಲೂ ಸೂಕ್ಷ್ಮವಾದ ಜಾರುವಿಕೆಯೊಂದನ್ನು ಸ್ಕಾಟ್ಲೆಂಡಿನ ತತ್ತ್ವಜ್ಞನಾದ ಡೇವಿಡ್ ಹ್ಯೂಮನು 1740ರಲ್ಲಿ ಹೊರಟ ತನ್ನ ಗ್ರಂಥಭಾಗದಲ್ಲಿ ಎತ್ತಿತೋರಿಸಿದನು. ಗ್ರಂಥಕರ್ತರು ಬಹಳ ದೂರದವರೆಗೆ ‘ಹೀಗಿದೆ’, ‘ಹೀಗಿಲ್ಲ’ ಎಂದು ಹೇಳುತ್ತ ಬಂದು, ಯಾರಿಗೂ ತಿಳಿಯದಂತೆ ‘ಹೀಗಿರಬೇಕು’, ‘ಹೀಗಿರಬಾರದು’ ಎಂಬ ಮಾತಿಗೆ ದಾಟಿಬಿಡುವರೆಂದೂ, ಆ ದಾಟುವಿಕೆಗೆ ಕಾರಣವನ್ನು ಕೊಡಬೇಕಾದುದು ಅವಶ್ಯವೆಂದೂ ಅವನ ಅಭಿಪ್ರಾಯ. ಹಿಂದಿನಿಂದ ಹೀಗೆ ನಡೆದುಬಂದಿದೆ, ಆದುದರಿಂದ ಮುಂದೆಯೂ ಹೀಗೆಯೇ ನಡೆಯತಕ್ಕದ್ದು ಎನ್ನುವವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ನಡೆದುಬಂದುದು ಒಳ್ಳೆಯದೇ ಇರಬಹುದು. ಆದರೆ ನಡೆದುಬಂದುದೆಂಬುದೊಂದರಿಂದಲೇ ಅದು ಒಳ್ಳೆಯದೆಂದು ಸಿದ್ಧವಾಗುವುದಿಲ್ಲ.

ಹಾಗಾದರೆ ‘ದೇರ್‌ಫೋರ್’ ಶಬ್ದವನ್ನು ಯೋಗ್ಯವಾಗಿ ಬಳಸುವುದು ಹೇಗೆ, ಅದನ್ನು ಪರೀಕ್ಷಿಸುವುದು ಹೇಗೆ ಎಂಬುದಕ್ಕೆ ಇತಿಹಾಸದಿಂದ ಒಂದು ನಿದರ್ಶನವನ್ನು ಕೊಡುವೆವು. 1776ನೆಯ ಜುಲೈ 4ರಂದು ಅಮೆರಿಕದ ಹದಿಮೂರು ವಸಾಹತುಗಳ ಪ್ರತಿನಿಧಿಗಳು ಸ್ವಾತಂತ್ರ್ಯಘೋಷಣೆಯನ್ನು ಅಂಗೀಕರಿಸಿದರು. ಆ ಪತ್ರದ ರಚನೆಯು ಒಂದು ಅನುಮಾನವಾಕ್ಯದಂತೆಯೇ ಇದೆ. ಮೊದಲು, ಮನುಷ್ಯರೆಲ್ಲರೂ ಸಮಾನರು, ಅವರ ಹಕ್ಕುಗಳನ್ನು ಹಾಳುಮಾಡುವ ಸರಕಾರವನ್ನು ಬದಲಾಯಿಸುವುದು ನ್ಯಾಯವು ಎಂಬ ಸಾಮಾನ್ಯ ಸೂತ್ರ. ಅನಂತರ, ಮೂರನೆಯ ಜಾರ್ಜ್ ದೊರೆಯ ಮೇಲೆ ಸಾಮಾನ್ಯವಾಗಿ 27 ಎಂದು ಎಣಿಸಲ್ಪಡುವ ದೂರುಗಳ ಪಟ್ಟಿ. ಇಷ್ಟೆಲ್ಲವನ್ನೂ ಸಲ್ಲಿಸಿದ ಮೇಲೆ, ಕೊನೆಯ ಪರಿಚ್ಛೇದದ ಆರಂಭದಲ್ಲಿ ‘ದೇರ್‌ಫೋರ್’ ಎಂಬ ಶಬ್ದವು ಬರುವುದು. ಒಂದು ದೇಶದ ಜನ್ಮವೇ ಆ ಶಬ್ದದ ಮೇಲೆ ನಿಂತಿತು.

ಪ್ರತಿಪಕ್ಷದವರು ಸುಮ್ಮನಿರಲಿಲ್ಲ. ಮಸಾಚುಸೆಟ್ಸಿನ ಗವರ್ನರಾಗಿದ್ದ ಥಾಮಸ್ ಹಚಿನ್ಸನ್ನನೂ ಜಾನ್ ಲಿಂಡ್ ಎಂಬವನೂ ಅದೇ ವರ್ಷ ಲಂಡನ್ನಿನಲ್ಲಿ ಉತ್ತರಗಳನ್ನು ಅಚ್ಚುಹಾಕಿಸಿದರು. ಅವರು ನಿರ್ಣಯವನ್ನು ಬೈದಷ್ಟಕ್ಕೇ ನಿಲ್ಲದೆ, ಅದರ ಹಿಂದಿನ ದೂರುಗಳನ್ನು ಎತ್ತಿಕೊಂಡು ಅವು ನಿಲ್ಲಲಾರವೆಂದು ವಾದಿಸಿದರು. ವಾದವು ಗೆದ್ದಿತೋ ಸೋತಿತೋ ಬೇರೆ ಮಾತು, ಕ್ರಮವು ಸರಿಯಾದದ್ದು. ಹಚಿನ್ಸನ್ನನು ಇನ್ನೊಂದು ಪ್ರಶ್ನೆಯನ್ನೂ ಕೇಳಿದನು: ಮನುಷ್ಯರೆಲ್ಲರೂ ಸಮಾನರೆಂಬ ಸೂತ್ರವು ನಿಮಗೆ ಸಮ್ಮತವಾದರೆ, ದಕ್ಷಿಣದ ವಸಾಹತುಗಳಲ್ಲಿ ಲಕ್ಷಕ್ಕೂ ಮಿಕ್ಕ ಆಫ್ರಿಕದವರನ್ನು ಗುಲಾಮರಾಗಿ ಇರಿಸಿಕೊಂಡಿರುವುದನ್ನು ಹೇಗೆ ಸಮರ್ಥಿಸುವಿರಿ? ಈ ಪ್ರಶ್ನೆಯು ಶತ್ರುವಿನ ಬಾಯಿಂದ ಬಂದಿತೆಂಬ ಮಾತ್ರಕ್ಕೆ ಸುಳ್ಳಾಗಲಿಲ್ಲ. ಒಂದು ಸಾಮಾನ್ಯ ಸೂತ್ರವನ್ನು ಒಪ್ಪಿದವನು ಅದರಿಂದ ಹೊರಡುವ ಎಲ್ಲ ನಿರ್ಣಯಗಳನ್ನೂ ಒಪ್ಪಬೇಕು. ತನಗೆ ಬೇಕಾದ ಒಂದನ್ನು ಮಾತ್ರ ಆರಿಸಿಕೊಳ್ಳುವುದಕ್ಕೆ ಬರುವುದಿಲ್ಲ. ಆ ದೇಶವು ಗುಲಾಮಗಿರಿಯನ್ನು ಸಂವಿಧಾನದ ತಿದ್ದುಪಡಿಯಿಂದ ನಿಷೇಧಿಸಿದುದು 1865ರಲ್ಲಿ. ಮೊದಲ ‘ದೇರ್‌ಫೋರ್’ ಶಬ್ದಕ್ಕೂ ಎರಡನೆಯದಕ್ಕೂ ನಡುವೆ 89 ವರ್ಷಗಳೂ ಒಂದು ಘೋರವಾದ ಅಂತರ್ಯುದ್ಧವೂ ಕಳೆದವು.

ದೂರದ ದೇಶದ ಮಾತೆಂದು ಇದನ್ನು ಬಿಡಬೇಕಾಗಿಲ್ಲ. ನಮ್ಮ ಗೃಹಗಳಲ್ಲಿ, ವಿದ್ಯೆಯಿದ್ದರೆ ಸ್ವಂತ ಕಾಲಿನ ಮೇಲೆ ನಿಲ್ಲಬಹುದು, ಆದುದರಿಂದ ಸಾಲಮಾಡಿಯಾದರೂ ಹುಡುಗನನ್ನು ಓದಿಸಬೇಕು ಎನ್ನುವರು. ಅದೇ ಜಗಲಿಯ ಮೇಲೆ ಕುಳಿತು, ಹುಡುಗಿಯು ಮದುವೆಯಾಗಿ ಹೋಗತಕ್ಕವಳು, ಆದುದರಿಂದ ಅವಳಿಗೆ ಕಾಲೇಜಿನ ವೆಚ್ಚವೇಕೆ ಎನ್ನುವರು. ಮೊದಲನೆಯ ವಾಕ್ಯದ ಸೂತ್ರದಲ್ಲಿ ಹುಡುಗನೆಂಬ ಶಬ್ದವೇ ಇಲ್ಲ. ಅದು ಹುಡುಗಿಗೂ ಸಮನಾಗಿ ಅನ್ವಯಿಸುವುದು. ಎರಡನೆಯ ವಾಕ್ಯದಲ್ಲಿ ಹೇಳದೆ ಬಿಟ್ಟ ಒಂದು ಅವಯವವಿದೆ: ತವರಿಗೆ ಪ್ರತಿಫಲವನ್ನು ತರದ ವಿದ್ಯೆಯು ವ್ಯರ್ಥ, ಎಂಬುದು. ಇದನ್ನು ಬಾಯಿಬಿಟ್ಟು ಹೇಳಿರೆಂದರೆ ಯಾವ ತಂದೆಗೂ ಹೇಳುವ ಧೈರ್ಯವು ಬರಲಾರದು. ಮಗಳು ವಿಧವೆಯಾದರೆ, ಅಳಿಯನು ಕಾಯಿಲೆ ಬಿದ್ದರೆ, ಅವಳ ಮಕ್ಕಳನ್ನು ಸಾಕುವುದು ಅವಳ ವಿದ್ಯೆಯಲ್ಲದೆ ಇನ್ನಾವುದು? ಮರೆಯಲ್ಲಿದ್ದಾಗ ಬಲವಾಗಿ ತೋರುವ ಅವಯವವು ಬೆಳಕಿಗೆ ಬಂದೊಡನೆ ನಿಲ್ಲಲಾರದೆ ಹೋಗುವುದು ಹೀಗೆ. ಒಂದು ಸಣ್ಣ ಶಬ್ದದ ಮರೆಯಲ್ಲಿ ಒಬ್ಬ ಹುಡುಗಿಯ ಜೀವಮಾನವೇ ತೀರ್ಮಾನವಾಗಿಬಿಡಬಹುದು.

ಆದುದರಿಂದ, ಇಂಗ್ಲೀಷಿನಲ್ಲಾಗಲಿ ಕನ್ನಡದಲ್ಲಾಗಲಿ ಇಂತಹ ಶಬ್ದವು ಎದುರಾದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಇದರ ಹಿಂದೆ ಕಾರಣವನ್ನು ನಿಜವಾಗಿಯೂ ಹೇಳಿದೆಯೇ? ಹೇಳಿದ ಕಾರಣವು ಸತ್ಯವೇ? ಆ ಕಾರಣದಿಂದ ಈ ನಿರ್ಣಯಕ್ಕೆ ದಾಟಲು ಹೇಳದೆ ಬಿಟ್ಟ ಮಾತು ಯಾವುದು? ಬರೆಯುವಾಗಲೂ ಇದೇ ಕ್ರಮವನ್ನು ಅನುಸರಿಸತಕ್ಕದ್ದು. ವಾಕ್ಯವನ್ನು ತಿರುವಿ, ಆ ಶಬ್ದದ ಸ್ಥಾನದಲ್ಲಿ ‘ಬಿಕಾಸ್’ ಎಂಬುದನ್ನು ಇಟ್ಟು ನೋಡುವುದು ಸುಲಭವಾದ ಪರೀಕ್ಷೆ. ‘ಅವನಿಗೆ ಜ್ವರ, ದೇರ್‌ಫೋರ್ ಅವನು ಬರಲಿಲ್ಲ’ ಎಂಬುದನ್ನು ‘ಅವನು ಬರಲಿಲ್ಲ, ಬಿಕಾಸ್ ಅವನಿಗೆ ಜ್ವರ’ ಎಂದು ತಿರುಗಿಸಬಹುದು. ತಿರುಗಿಸಿದಾಗ ಹಾಸ್ಯಾಸ್ಪದವಾಗಿ ತೋರಿದರೆ, ಇದು ಸಂಗತಿಗೆ ಕಾರಣವೇ ಅಥವಾ ಊಹೆಗೆ ಗುರುತು ಮಾತ್ರವೇ ಎಂದು, ಕೆರೆಯ ದೃಷ್ಟಾಂತವನ್ನು ನೆನೆದು, ಇನ್ನೊಮ್ಮೆ ಯೋಚಿಸಿರಿ.

ಮನೆಯ ಮಕ್ಕಳ ಅಭ್ಯಾಸಕ್ಕಾಗಿ ಮೂರು ವಾಕ್ಯಗಳನ್ನು ಕೊಟ್ಟಿದೆ. ಒಂದನೆಯದು: ಈ ತೈಲವನ್ನು ಐವತ್ತು ವರ್ಷಗಳಿಂದ ಮಾರುತ್ತಿದ್ದಾರೆ, ಆದುದರಿಂದ ಇದು ಕೂದಲನ್ನು ಬೆಳೆಸುವುದು. ಎರಡನೆಯದು: ಹುಡುಗನು ತರಗತಿಯಲ್ಲಿ ಮೊದಲನೆಯವನು, ಆದುದರಿಂದ ಅವನು ವೈದ್ಯನೇ ಆಗತಕ್ಕದ್ದು. ಮೂರನೆಯದು: ಬೇಸಗೆಯಲ್ಲಿ ಹಾಲನ್ನು ಕಾಯಿಸದೆ ರಾತ್ರಿಯೆಲ್ಲ ಹೊರಗೆ ಇಟ್ಟಿದ್ದರು, ಆದುದರಿಂದ ಅದು ಕೆಟ್ಟಿತು. ಇವುಗಳಲ್ಲಿ ಯಾವುದು ನಿಲ್ಲುವುದು, ಯಾವುದು ನಿಲ್ಲದು, ನಿಲ್ಲದುದರಲ್ಲಿ ಮರೆಯಾಗಿರುವ ಅವಯವವು ಯಾವುದು, ನಿಲ್ಲುವುದನ್ನು ಇಂಗ್ಲೀಷಿನಲ್ಲಿ ಬರೆಯುವಾಗ ಮೇಲೆ ಹೇಳಿದ ಶಬ್ದಗಳಲ್ಲಿ ಯಾವುದು ಹೆಚ್ಚು ಉಚಿತ ಎಂಬುದನ್ನು ರಾತ್ರಿಯ ಊಟವಾದ ಮೇಲೆ ಹಿರಿಯರೂ ಕಿರಿಯರೂ ಕೂಡಿ ವಿಚಾರಮಾಡಿರಿ. ಎರಡನೆಯ ವಾಕ್ಯಕ್ಕೆ ಉತ್ತರವನ್ನು ಹೇಳುವ ಸರದಿಯನ್ನು ಹುಡುಗನಿಗೇ ಕೊಡುವುದು ಒಳ್ಳೆಯದು.